ರಾಮಸಮುದ್ರದಿಂದ ವಿಧಾನಸೌಧಕ್ಕೆ: ಒಬ್ಬ ಗೌಂಡಿಯ ಜೊತೆ ಎರಡು ದಿನ

ಯಾದಗಿರಿ ಜಿಲ್ಲೆಯ ನಮ್ಮ ರಾಮಸಮುದ್ರದ ಗ್ರಾಮ ಪಂಚಾಯಿತಿ ಕಚೇರಿಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಒಳಗೆ ಬರಲೇ ಎಂದು ಯಾರನ್ನೂ ಕೇಳಿದ ನೆನಪಿಲ್ಲ. ಜಾಬ್ ಕಾರ್ಡಿಗೋ, ಮನೆ ತೆರಿಗೆಗೋ, ನಳಕ್ಕೆ ನೀರು ಬಂದಿಲ್ಲವೆಂದು ಹೇಳಲಿಕ್ಕೋ ಹೋಗುತ್ತೇವೆ. ಬಾಗಿಲು ತೆರೆದಿದ್ದರೆ ಒಳಗೆ, ಮುಚ್ಚಿದ್ದರೆ ಕಟ್ಟೆಯ ಮೇಲೆ. ಗ್ರಾಮ ಸಭೆ ಕರೆದ ದಿನವಂತೂ ಅದು ಅಧಿಕಾರಿಗಳ ಜಾಗವೇ ಅಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಆ ಸಭೆ ಕೂಡಲೇಬೇಕು. ಅಲ್ಲಿ ನಾವು ನೋಡಲು ಬಂದವರಲ್ಲ, ಕೂತು ಮಾತಾಡುವವರು.

ಅಂಥ ಒಂದು ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಕಾಕಾನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಅದರಲ್ಲಿ ವಿಧಾನಸೌಧದ ಚಿತ್ರವಿತ್ತು. ಕಾಕಾ ಗೌಂಡಿ. ವಯಸ್ಸು ಎಪ್ಪತ್ತರ ಹತ್ತಿರ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ತಗಡಿನ ಶೆಡ್ಡಿನಲ್ಲಿ ಇದ್ದು ಅಪಾರ್ಟ್‌ಮೆಂಟುಗಳಿಗೆ ಗೋಡೆ ಎತ್ತಿದವರು. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಇದಕ್ಕೆ ಗುಳೆ ಎನ್ನುತ್ತೇವೆ. ಮಳೆ ಕೈಕೊಟ್ಟ ವರ್ಷ ಅರ್ಧ ಓಣಿಯೇ ಬೆಂಗಳೂರಿನಲ್ಲಿರುತ್ತದೆ.

“ಕಾಕಾ, ಇಷ್ಟು ವರ್ಷ ಬೆಂಗಳೂರಾಗ ಇದ್ದೀರಿ, ವಿಧಾನಸೌಧ ನೋಡೀರೇನು?”

“ನೋಡೀನಲ್ಲ. ಬಸ್ಸಿನ್ಯಾಗ ಕುಂತು ಎಷ್ಟೋ ಸಲ ನೋಡೀನಿ.”

“ಒಳಗ?”

“ಒಳಗ ನಮ್ಮನ್ಯಾರ್ ಬಿಡ್ತಾರ ತಮ್ಮಾ?”

ಆ ಮಾತಿನಲ್ಲಿ ದೂರು ಇರಲಿಲ್ಲ. ಬೇಸಿಗೆಯಲ್ಲಿ ಬಿಸಿಲು ಇರುತ್ತದೆ ಎಂದು ಹೇಳಿದಷ್ಟೇ ಸಹಜವಾಗಿ ಹೇಳಿದರು. ನನಗೆ ತಡೆಯಲಾಗದ್ದು ಅದೇ. ಮತದ ಹಕ್ಕು ಬಂದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸದವರು, ಗುಳೆ ಹೋದ ಊರಿನಿಂದಲೂ ಸಾಲ ಮಾಡಿ ಬಸ್ಸು ಹತ್ತಿ ಬಂದು ಮತ ಹಾಕಿದವರು, ತಾವು ಆರಿಸಿ ಕಳಿಸಿದವರು ಕೂರುವ ಮನೆಗೆ ತಮಗೆ ಪ್ರವೇಶವಿಲ್ಲ ಎಂದೇ ತಿಳಿದಿದ್ದರು. “ಹಂಗಾದ್ರ ಒಮ್ಮೆ ಹೋಗಿ ಬರಾಮು” ಎಂದೆ. ಹೊಲದಲ್ಲಿ ಹೆಸರುಕಾಳು ಬಿಡಿಸುವ ಮುಂಚೆ ನಾಲ್ಕು ದಿನ ಬಿಡುವಿತ್ತು. ಅಧಿವೇಶನವೂ ನಡೆಯುತ್ತಿತ್ತು. ಒಂದು ಭಾನುವಾರ, ಒಂದು ಸೋಮವಾರ ಎಂದು ಗೊತ್ತು ಮಾಡಿ ಹೊರಟೆವು.

ಯಾದಗಿರಿಯಿಂದ ಬೆಂಗಳೂರಿಗೆ ಹೋಗುವ ರೈಲು ನಮ್ಮ ರಾಜ್ಯದೊಳಗೇ ಹೋಗುವುದಿಲ್ಲ. ರಾಯಚೂರು ದಾಟಿದ ಮೇಲೆ ಆದೋನಿ, ಗುಂತಕಲ್ಲು, ಅನಂತಪುರ ಎಂದು ರಾತ್ರಿಯೆಲ್ಲ ಆಂಧ್ರದಲ್ಲಿ ಓಡಿ, ಬೆಳಗಿನ ಜಾವ ಹಿಂದೂಪುರದ ಕಡೆಯಿಂದ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ನಮ್ಮ ರಾಜಧಾನಿಗೆ ಹೋಗಲು ನಾವು ಇನ್ನೊಂದು ರಾಜ್ಯವನ್ನು ದಾಟಬೇಕು. ಸುಮಾರು 500 ಕಿಲೋಮೀಟರ್. ಹೈದರಾಬಾದು ಇದರ ಅರ್ಧಕ್ಕಿಂತ ಹತ್ತಿರ.

ಹೈದರಾಬಾದಿನ ಮಾತು ಸುಮ್ಮನೆ ಬಂದದ್ದಲ್ಲ. ಕಾಕಾ ಹುಟ್ಟಿದಾಗ ರಾಮಸಮುದ್ರದ ವಿಧಾನಸಭೆ ಇದ್ದದ್ದೇ ಅಲ್ಲಿ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ನಮ್ಮ ಊರು ಆಗ ಸೇರಿದ್ದ ಗುಲ್ಬರ್ಗ ಜಿಲ್ಲೆಯ ಜನ ಆರಿಸಿ ಕಳಿಸಿದ ಶಾಸಕರು ಹೈದರಾಬಾದ್ ರಾಜ್ಯದ ಸದನದಲ್ಲಿ ಕೂತರು. ಬುರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿ. ತೆಲುಗು, ಮರಾಠಿ, ಕನ್ನಡ, ಉರ್ದು ಎಲ್ಲ ಸೇರಿದ ಸದನ ಅದು. ಬಾಗ್-ಎ-ಆಮ್ ಎಂಬ ಸಾರ್ವಜನಿಕ ತೋಟದಲ್ಲಿ, ನಿಜಾಮರ ಕಾಲದಲ್ಲಿ ಟೌನ್ ಹಾಲ್ ಎಂದು ಕಟ್ಟಿ 1913ರಲ್ಲಿ ಮುಗಿಸಿದ ಬಿಳಿಯ ಕಟ್ಟಡದಲ್ಲಿ ಅದು ಸೇರುತ್ತಿತ್ತು. ತೋಟದ ಹೆಸರಿನಲ್ಲೇ ‘ಆಮ್’ ಇದೆ, ಎಲ್ಲರದು ಎಂದು. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಒಂದೇ ದಿನದಲ್ಲಿ ನಮ್ಮ ಸದನ ಹೈದರಾಬಾದಿನಿಂದ ಬೆಂಗಳೂರಿಗೆ ಹೋಯಿತು. ಕನ್ನಡದ ಮನೆ ಸಿಕ್ಕಿತು, ಅದರ ಸಂತೋಷ ನಮ್ಮ ಹಿರಿಯರಿಗೆ ದೊಡ್ಡದಾಗಿತ್ತು. ಆದರೆ ದಾರಿ ಎರಡು ಪಾಲು ಉದ್ದವಾಯಿತು. ಈ ಮಾತನ್ನು ಏಕೀಕರಣದ ಇತಿಹಾಸ ಬರೆಯುವವರು ಹೆಚ್ಚು ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ರೈಲು ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿದೆವು. ಇಳಿಯುವ ನಿಲ್ದಾಣಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಹೆಸರು. ನೆಲದೊಳಗಿನಿಂದ ಮೇಲೆ ಬಂದ ಕೂಡಲೇ ಎದುರಿಗೆ ಸೌಧ, ಬೆಳಗಿನ ಬಿಸಿಲು ಅದರ ಮೈಮೇಲೆ. ಕಾಕಾ ಅಲ್ಲೇ ನಿಂತುಬಿಟ್ಟರು. ಅವರು ಮೊದಲು ನೋಡಿದ್ದು ಗುಮ್ಮಟವನ್ನಲ್ಲ. ಕಂಬಿಬೇಲಿಯ ಸಂದಿಯಿಂದ ಕಲ್ಲಿನ ಸಂದುಗಳನ್ನು ನೋಡುತ್ತಿದ್ದರು.

ಕಟ್ಟಡವನ್ನು ಜನ ಒಳಹೊಕ್ಕು ನೋಡುವ ವ್ಯವಸ್ಥೆ ಶುರುವಾದದ್ದು 2025ರ ಜೂನ್ 1ರಿಂದ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಇದನ್ನು ನಡೆಸುತ್ತದೆ. ಭಾನುವಾರಗಳು ಮತ್ತು ಎರಡನೇ, ನಾಲ್ಕನೇ ಶನಿವಾರಗಳು, ಅಂದರೆ ಕಚೇರಿಗೆ ರಜೆಯಿರುವ ದಿನಗಳಲ್ಲಿ. ದೊಡ್ಡವರಿಗೆ 50 ರೂಪಾಯಿ, ಮಕ್ಕಳಿಗೆ ಇಲ್ಲ. ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ತರಬೇಕು. ಮೂವತ್ತು ಜನರ ಒಂದೊಂದು ತಂಡ, ಪ್ರತಿ ತಂಡಕ್ಕೂ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ವಿವರಿಸುವ ಮಾರ್ಗದರ್ಶಿ, ಒಂದೂವರೆ ಗಂಟೆಯ ಸುತ್ತಾಟ. ಕಾಕಾನ ಹೆಸರನ್ನು ನಾನು ಯಾದಗಿರಿಯಲ್ಲೇ ಮೊಬೈಲಿನಲ್ಲಿ ಹಾಕಿದ್ದೆ. ಆಧಾರ್ ಕಾರ್ಡನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ಗೇಟಿನಲ್ಲಿ ಪೊಲೀಸರು ಕಾರ್ಡು ನೋಡಿದರು, ಚೀಲ ನೋಡಿದರು, ಬನ್ನಿ ಎಂದರು. ಅಷ್ಟೇ. ಇಪ್ಪತ್ತು ವರ್ಷದ ‘ಯಾರ್ ಬಿಡ್ತಾರ’ ಎಂಬುದು ಎರಡು ನಿಮಿಷದಲ್ಲಿ ಮುಗಿಯಿತು. ಒಳಗೆ ಕಾಲಿಟ್ಟ ಕಾಕಾ ಚಪ್ಪಲಿ ಬಿಡಲು ಬಗ್ಗಿದರು. “ತಾತ, ಚಪ್ಪಲಿ ಹಾಕ್ಕೊಂಡೇ ಬನ್ನಿ” ಎಂದು ಮಾರ್ಗದರ್ಶಿ ಹೆಣ್ಣುಮಗಳು ಕೈಹಿಡಿದು ನಡೆಸಿದಳು.

ಅವಳು ಚೆನ್ನಾಗಿ ಹೇಳುತ್ತಿದ್ದಳು. 1951ರ ಜುಲೈ 13ರಂದು ಜವಾಹರಲಾಲ್ ನೆಹರು ಅಡಿಗಲ್ಲು ಹಾಕಿದರು, ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. ಮರುವರ್ಷ ಕೆಂಗಲ್ ಹನುಮಂತಯ್ಯ ಬಂದರು, ನಕ್ಷೆಯನ್ನೇ ಬದಲಿಸಿದರು. ಹೊರದೇಶದಿಂದ ಬಂದ ನಿಯೋಗವೊಂದು ಬೆಂಗಳೂರು ಸುತ್ತಿ ನೋಡಿ, ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ ಎಂದು ಕೇಳಿದ್ದು ಅವರ ಮನಸ್ಸಿಗೆ ನಾಟಿತ್ತು ಎಂಬ ಕಥೆಯಿದೆ. ಹಾಗೆ ಕೇಳಲು ಕಾರಣ ಎದುರಿಗೇ ಇದೆ. ರಸ್ತೆಯಾಚೆಯ ಕೆಂಪು ಅಠಾರಾ ಕಚೇರಿ, ಈಗಿನ ಹೈಕೋರ್ಟು, 1860ರ ದಶಕದಲ್ಲಿ ಬ್ರಿಟಿಷರು ತಮ್ಮ ರೀತಿಯಲ್ಲಿ ಕಟ್ಟಿಸಿದ್ದು. ಅದಕ್ಕೆ ಎದುರಾಗಿ ಕಲ್ಲಿನಲ್ಲಿ ಉತ್ತರ ಕೊಟ್ಟವರು ಹನುಮಂತಯ್ಯ ಮತ್ತು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಉದ್ದ 700 ಅಡಿ, ಅಗಲ 350 ಅಡಿ. ಮುಂದಿನ ಮೊಗಸಾಲೆಗೆ 40 ಅಡಿ ಎತ್ತರದ ಹನ್ನೆರಡು ಕಂಬಗಳು. ನಡುವಿನ ಗುಮ್ಮಟದ ಅಡ್ಡಳತೆ 60 ಅಡಿ. ಖರ್ಚು ಪೌಣೆ ಎರಡು ಕೋಟಿಯ ಆಸುಪಾಸು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ದುಂದುವೆಚ್ಚವೆಂಬ ಟೀಕೆಯನ್ನು ಹನುಮಂತಯ್ಯ ಸಾಕಷ್ಟು ಕೇಳಿದರು. 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರದಿಂದ ಇಳಿದರು. ಕಟ್ಟಡ ಮುಗಿದದ್ದೂ ಅದೇ ವರ್ಷ.

ಕಾಕಾ ಇದನ್ನೆಲ್ಲ ಅರ್ಧ ಕೇಳಿದರು. ಅವರ ಅಂಗೈ ಒಂದು ಕಂಬದ ಬುಡದ ಮೇಲಿತ್ತು. “ಇದು ಮಿಷಿನ್ ಕೆಲಸ ಅಲ್ಲ. ಚಾಣದ ಏಟು ನೋಡು, ಒಬ್ಬೊಬ್ಬಂದು ಒಂದೊಂದು ನಮೂನಿ ಅದ. ಈ ಕಲ್ಲು ಬಡದಂವ ಎಡಗೈಯಂವ ಇರಬೇಕು.” ತಂಡದ ಅರ್ಧ ಜನ ಮಾರ್ಗದರ್ಶಿಯನ್ನು ಬಿಟ್ಟು ಕಾಕಾನ ಸುತ್ತ ನಿಂತರು. ಕಲ್ಲು ಬೆಂಗಳೂರಿನ ಸುತ್ತಲ ಹೆಸರಘಟ್ಟ, ಮಲ್ಲಸಂದ್ರದಿಂದ ಬಂದದ್ದು ಎಂದು ಅವಳು ಹೇಳಿದಳು. ಕಾಕಾ ತಲೆಯಾಡಿಸಿ, ನಮ್ಮ ಕಡೆಯ ಶಹಾಬಾದ್ ಕಲ್ಲಾದರೆ ಪದರ ಪದರವಾಗಿ ಏಳುತ್ತದೆ, ನೆಲಕ್ಕೆ ಹಾಸಲು ಆದೀತು, ಇಂಥ ಕಂಬಕ್ಕೆ ಆಗದು ಎಂದು ವಿವರಿಸಿದರು.

ಕಟ್ಟಿದವರ ಮಾತು ಬಂದಾಗ ಅವರು ಪೂರ್ತಿ ಕಿವಿಗೊಟ್ಟರು. ಸುಮಾರು 5,000 ಕೂಲಿಗಳು. ಅವರಲ್ಲಿ ಬಹಳ ಮಂದಿ ಜೈಲಿನ ಕೈದಿಗಳು. ಜೊತೆಗೆ ಕಲ್ಲುಕುಟಿಗರು, ಗೌಂಡಿಗಳು, ಮರಗೆಲಸದವರು ಸುಮಾರು 1,500 ಜನ. ಕೆಲಸ ಮುಗಿದ ಮೇಲೆ ಕೈದಿಗಳಿಗೆ ಬಿಡುಗಡೆ ಸಿಕ್ಕಿತು. “ಅವರ ಹೆಸರು ಎಲ್ಲೆರ ಬರದಾರೇನವ್ವಾ?” ಎಂದು ಕಾಕಾ ಕೇಳಿದರು. ಹುಡುಗಿ ಒಂದು ಕ್ಷಣ ಸುಮ್ಮನಾಗಿ, “ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ತಾತ” ಎಂದಳು. ಇಷ್ಟು ದೊಡ್ಡ ಆವರಣದಲ್ಲಿ ನಾಯಕರ ಪ್ರತಿಮೆಗಳು ಹೆಜ್ಜೆಹೆಜ್ಜೆಗೆ ಇವೆ. ನೆಹರು, ಅಂಬೇಡ್ಕರ್, ಹನುಮಂತಯ್ಯ, ನಿಜಲಿಂಗಪ್ಪ, ದೇವರಾಜ ಅರಸು. 2023ರಲ್ಲಿ ಬಸವಣ್ಣ ಮತ್ತು ಕೆಂಪೇಗೌಡ, 2025ರ ಜನವರಿಯಲ್ಲಿ ನಾಡದೇವಿ ಭುವನೇಶ್ವರಿಯ ಕಂಚಿನ ಮೂರ್ತಿ. ಕಲ್ಲು ಹೊತ್ತ ಕೈಗಳಿಗೂ ಒಂದು ಫಲಕ ಆಗಬೇಕು. ಇದನ್ನು ನಾನು ಕಾಕಾನ ಮುಲಾಜಿಗೆ ಬರೆಯುತ್ತಿಲ್ಲ. ಗುಳೆ ಬಂದ ಸಾವಿರಾರು ಜನ ಇವತ್ತಿಗೂ ಈ ನಗರವನ್ನು ಕಟ್ಟುತ್ತಿದ್ದಾರೆ. ಆ ಫಲಕ ಅವರಿಗೂ ಒಂದು ಗುರುತಾಗುತ್ತದೆ.

ಗುಮ್ಮಟದ ತುದಿಯಲ್ಲಿ ನಾಲ್ಕು ಸಿಂಹಗಳಿವೆ. ಅಶೋಕನ ಲಾಂಛನ. ಬೇರೆಯವರು ಫೋಟೊ ತೆಗೆದು ಮುಂದೆ ಹೋದರು, ನಮಗಿಬ್ಬರಿಗೆ ಅಲ್ಲಿ ಊರು ನೆನಪಾಯಿತು. ಯಾದಗಿರಿಯಿಂದ ಹೆಚ್ಚು ದೂರವಿಲ್ಲ, ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದ ಅಗೆತದಲ್ಲಿ ರಾಣಿಯ ಜೊತೆ ನಿಂತ ಅಶೋಕನ ಶಿಲ್ಪವೇ ಸಿಕ್ಕಿದೆ, ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕ’ ಎಂದು ಹೆಸರು ಸಮೇತ. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ದೊರೆ ತನ್ನ ಮಾತನ್ನು ಜನ ಓಡಾಡುವ ಜಾಗದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ, ಯಾರು ಬೇಕಾದರೂ ಬಂದು ನಿಂತು ಓದಲಿ ಎಂದು. ರಾಜ್ಯದ ಮಾತು ಬೇಲಿಯ ಒಳಗೆ ಉಳಿಯಬಾರದು ಎಂಬ ಅರಿವು ನಮ್ಮ ಭೀಮಾ ತೀರಕ್ಕೆ ಅಷ್ಟು ಹಳೆಯದು.

ಮುಂಬಾಗಿಲ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ಕಾಕಾ ಅಕ್ಷರ ಕೂಡಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ತಗ್ಗಿದ ದನಿಯಲ್ಲಿ, “ದೇವರ ಕೆಲಸ ಅಂತ ಬರದಾರ. ನಮ್ಮಪ್ಪ ಗುಡಿ ಹೊರಗ ನಿಂತು ಕೈ ಮುಗಿತಿದ್ದ, ಒಳಗ ಬಿಡ್ತಿದ್ದಿಲ್ಲ. ಅದಕ್ಕ ಇಂಥಾವು ನೋಡಿದ್ರ ಹೊರಗೇ ನಿಂದ್ರಬೇಕು ಅಂತ ಕಾಲಿಗೆ ರೂಢಿ ಆಗ್ಯದ” ಎಂದರು. ಗೇಟಿನಲ್ಲಿ ಅವರು ಚಪ್ಪಲಿ ಬಿಡಲು ಬಗ್ಗಿದ್ದು ಯಾಕೆ ಎಂದು ನನಗೆ ಆಗ ಅರ್ಥವಾಯಿತು. ಸಾರ್ವಜನಿಕ ಪ್ರವೇಶ ಎಂದರೆ ಸಮಯ, ಟಿಕೆಟ್ಟು, ತಪಾಸಣೆ ಎಂದಷ್ಟೇ ನಾನು ತಿಳಿದಿದ್ದೆ. ತಲೆಮಾರುಗಳಿಂದ ಹೊರಗೆ ನಿಲ್ಲಿಸಿದವರಿಗೆ ಗೇಟು ತೆರೆದಿದ್ದರೆ ಸಾಲದು. ಒಳಗಿನಿಂದ ಯಾರಾದರೂ ಬನ್ನಿ ಎಂದು ಕರೆಯಬೇಕು.

ಅಂಬೇಡ್ಕರ್ ಪ್ರತಿಮೆಯ ಮುಂದೆ ಕಾಕಾ ಬಹಳ ಹೊತ್ತು ನಿಂತರು. ಅದರ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ.

ಮುಂಭಾಗದ ದೊಡ್ಡ ಮೆಟ್ಟಿಲುಗಳು 45. ಅಗಲ 200 ಅಡಿಗೂ ಹೆಚ್ಚು. ಇಷ್ಟು ಅಗಲದ ಮೆಟ್ಟಿಲನ್ನು ಒಬ್ಬಿಬ್ಬರು ಹತ್ತಲಿ ಎಂದು ಯಾರೂ ಕಟ್ಟುವುದಿಲ್ಲ, ಜನರ ಗುಂಪು ಒಟ್ಟಿಗೆ ಏರಲಿ ಎಂದೇ ಕಟ್ಟುತ್ತಾರೆ. ಆದರೆ ಇವತ್ತು ಆ ಮೆಟ್ಟಿಲಿಗೂ ರಸ್ತೆಗೂ ನಡುವೆ ಬೇಲಿಯಿದೆ. ಹಿಂದೆ ಈ ಬೇಲಿ ಇರಲಿಲ್ಲ. ಸಂಜೆ ಹೊತ್ತು ಕಟ್ಟಡದ ಮುಂದೆ ಕೂತು ಕಡಲೆಕಾಯಿ ತಿಂದ ನೆನಪು ಹಳೆಯ ಬೆಂಗಳೂರಿಗರಿಗೆ ಇದೆ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದ ಮೇಲೆ ದೇಶದ ಎಲ್ಲ ಶಾಸನಸಭೆಗಳ ಸುತ್ತ ಭದ್ರತೆ ಬಿಗಿಯಾಯಿತು. ಅದು ಅನಗತ್ಯ ಎಂದು ನಾನು ಹೇಳಲಾರೆ. ಪ್ರಾಣ ಕೊಟ್ಟವರ ನೆನಪಿರುವಾಗ ಹಾಗೆ ಹೇಳುವುದು ತಪ್ಪು. ಆದರೆ ತಪಾಸಣೆ ಬೇರೆ, ದೂರವಿಡುವುದು ಬೇರೆ. 2018ರ ಮೇ 23ರಂದು ಇದೇ ಮೆಟ್ಟಿಲುಗಳ ಮುಂದೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಸಾವಿರಾರು ಜನ ಸೇರಿದ್ದರು. 2024ರ ಫೆಬ್ರುವರಿ 8ರಂದು ಮುಖ್ಯಮಂತ್ರಿಗಳ ಜನಸ್ಪಂದನಕ್ಕೆ ಜಿಲ್ಲೆ ಜಿಲ್ಲೆಗಳಿಂದ ಜನ ಅರ್ಜಿ ಹಿಡಿದು ಇದೇ ಆವರಣಕ್ಕೆ ಬಂದರು. 2025ರ ಫೆಬ್ರುವರಿ ಕೊನೆಯಲ್ಲಿ ವಿಧಾನಸಭಾ ಸಚಿವಾಲಯ ಇಲ್ಲೇ ಪುಸ್ತಕ ಮೇಳ ಮಾಡಿತು, ಪಾಸಿಲ್ಲದೆ ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಮನಸ್ಸು ಮಾಡಿದರೆ ಬಾಗಿಲು ತೆರೆಯುತ್ತದೆ, ಜನರೂ ಶಿಸ್ತಿನಿಂದ ಬಂದು ಹೋಗುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಭಾನುವಾರದ ಸುತ್ತಾಟ ಮುಗಿದಾಗ ಕಾಕಾ ಸಂತೋಷವಾಗಿದ್ದರು. ಆದರೂ ಗೇಟಿನ ಹೊರಗೆ ಬಂದು ಒಂದು ಮಾತು ಕೇಳಿದರು: “ಮನಿ ನೋಡಿದ್ವಿ. ಮನಿ ಮಂದಿ ಎಲ್ಲಿ?”

ಅದಕ್ಕೆ ಸೋಮವಾರ ಬೇಕಾಗಿತ್ತು.

ಸದನ ನಡೆಯುವಾಗ ಮೇಲಿನ ಗ್ಯಾಲರಿಯಲ್ಲಿ ಕೂತು ನೋಡಬಹುದು, ಪಾಸು ಬೇಕು. ಶಾಸಕರೊಬ್ಬರ ಶಿಫಾರಸಿನ ಮೇಲೆ ಪಾಸು ಸಿಗುವುದು ರೂಢಿ. ನಮಗೂ ಹಾಗೆಯೇ ಸಿಕ್ಕಿತು, ಪರಿಚಯದ ಒಬ್ಬರ ಮೂಲಕ, ವಾರ ಮೊದಲೇ ಕೇಳಿಕೊಂಡದ್ದಕ್ಕೆ. ನನಗೆ ಪರಿಚಯದವರಿದ್ದರು. ಓಣಿಯಲ್ಲಿ ಎಷ್ಟು ಜನರಿಗೆ ಇದ್ದಾರೆ?

ಮೊಬೈಲು, ಚೀಲ ಎಲ್ಲ ಹೊರಗೆ ಬಿಟ್ಟು ಮೇಲೆ ಹೋಗಿ ಕೂತೆವು. ಚಪ್ಪಾಳೆ ತಟ್ಟಬಾರದು, ಎದ್ದು ನಿಲ್ಲಬಾರದು, ಮಾತಾಡಬಾರದು. ಕೆಳಗೆ ಎತ್ತರದ ಪೀಠದಲ್ಲಿ ಸಭಾಧ್ಯಕ್ಷರು. ಅವರ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. 224 ಸದಸ್ಯರ ಸದನ. ಈ ಕಟ್ಟಡದ ಅಡಿಗಲ್ಲು ಬಿದ್ದ ಮರುವರ್ಷ ಹಳೆಯ ಮೈಸೂರಿನ ವಿಧಾನಸಭೆಗೆ ಆಯ್ಕೆಯಾದವರು 99 ಜನ. ಏಕೀಕರಣದ ನಂತರದ ಮೊದಲ ಚುನಾವಣೆಯಲ್ಲಿ, 1957ರಲ್ಲಿ, ಅದು 208 ಆಯಿತು. ಅಂದರೆ ಈ ಮನೆಯ ನಕ್ಷೆ ಬರೆಯುವಾಗ ನಾವು ಲೆಕ್ಕದಲ್ಲಿ ಇರಲಿಲ್ಲ. ಮುಗಿಯುವ ಹೊತ್ತಿಗೆ ನಾವೂ ಇದರ ಪಾಲುದಾರರಾದೆವು. ಈಗ ಇಲ್ಲಿ ನಮ್ಮ ಜಿಲ್ಲೆಗೆ ನಾಲ್ಕು ಕುರ್ಚಿ: ಯಾದಗಿರಿ, ಗುರುಮಠಕಲ್, ಶಹಾಪುರ, ಸುರಪುರ.

ಪ್ರಶ್ನೋತ್ತರ ನಡೆದಿತ್ತು. ಒಬ್ಬರು ಎದ್ದು “ಮಾನ್ಯ ಸಭಾಧ್ಯಕ್ಷರೇ” ಎಂದು ಶುರುಮಾಡಿ ತಮ್ಮ ತಾಲ್ಲೂಕಿನ ಒಂದು ರಸ್ತೆಯ ಬಗ್ಗೆ ಕೇಳಿದರು. ಮಂತ್ರಿಗಳು ಕಾಗದ ನೋಡಿ ಉತ್ತರ ಕೊಟ್ಟರು. ಉತ್ತರ ಸಾಲದು ಎಂದು ಅವರು ಮತ್ತೆ ಎದ್ದರು. ಗೊಬ್ಬರದ ಮಾತು ಬಂತು. ಆಸ್ಪತ್ರೆಯ ಮಾತು ಬಂತು. ನಡುವೆ ಐದು ನಿಮಿಷ ಗದ್ದಲ, ಆಮೇಲೆ ಮತ್ತೆ ಕೆಲಸ. ಎಷ್ಟೋ ಕುರ್ಚಿಗಳು ಖಾಲಿಯಿದ್ದವು. ಕಾಕಾ ಬೆರಳಲ್ಲಿ ಎಣಿಸುತ್ತಿದ್ದುದನ್ನು ನಾನು ನೋಡಿದೆ. ಹೊರಗೆ ಬಂದ ಮೇಲೆ ಅವರು ಹೇಳಿದ್ದು ಎರಡೇ ಮಾತು. “ಟಿವಿಯೊಳಗ ಬರೇ ಜಗಳ ತೋರಸ್ತಾರ, ಇಲ್ಲಿ ಕೆಲಸಾನೂ ನಡೀತದ.” ಸ್ವಲ್ಪ ತಡೆದು, “ಕೂಲಿಗೆ ಬರ್ಲಿಕ್ಕಂದ್ರ ನಮಗ ಹಾಜರಿ ಹಾಕಲ್ಲ, ಇಲ್ಲಿ ಯಾರ್ ಕೇಳ್ತಾರ?”

ಜನ ಮೇಲೆ ಕೂತು ನೋಡಿದರೆ ಈ ಎರಡೂ ಮಾತು ಹುಟ್ಟುತ್ತವೆ. ಕೆಲಸ ನಡೆಯುವುದನ್ನು ಕಂಡವರಿಗೆ ಸದನದ ಮೇಲೆ ಗೌರವ ಹೆಚ್ಚುತ್ತದೆ, ಖಾಲಿ ಕುರ್ಚಿ ಕಂಡವರು ಊರಿಗೆ ಹೋಗಿ ಕೇಳುತ್ತಾರೆ. ಕಲಾಪ ಮೊಬೈಲಿನಲ್ಲಿ ನೇರ ಪ್ರಸಾರವಾಗುತ್ತದೆ ನಿಜ. ಆದರೆ ಕ್ಯಾಮೆರಾ ಮಾತಾಡುವವರನ್ನು ತೋರಿಸುತ್ತದೆ, ಯಾರು ಬಂದಿಲ್ಲ ಎಂಬುದನ್ನು ತೋರಿಸುವುದಿಲ್ಲ. ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು 2019ರ ಅಕ್ಟೋಬರಿನಲ್ಲಿ ಸದನದಿಂದ ಹೊರಗಿಟ್ಟದ್ದನ್ನು ನೆನೆದರೆ, ಗ್ಯಾಲರಿಯಲ್ಲಿ ಕೂರುವ ಜನರ ಕಣ್ಣಿನ ಬೆಲೆ ಇನ್ನೂ ಹೆಚ್ಚುತ್ತದೆ.

ಭದ್ರತೆಯವರ ಕಷ್ಟವೂ ಸುಳ್ಳಲ್ಲ. 2023ರ ಜುಲೈ 7ರಂದು ಸಿದ್ದರಾಮಯ್ಯ ಬಜೆಟ್ ಓದುತ್ತಿದ್ದಾಗ ಹಿರಿಯ ವಯಸ್ಸಿನ ಒಬ್ಬರು ಶಾಸಕನೆಂದು ಹೇಳಿಕೊಂಡು ನೇರ ಸದನದೊಳಗೇ ಬಂದು, ದೇವದುರ್ಗದ ಶಾಸಕಿಯ ಆಸನದಲ್ಲಿ ಹದಿನೈದು ನಿಮಿಷ ಕೂತಿದ್ದರು. ಅದನ್ನು ಗಮನಿಸಿ ತಿಳಿಸಿದವರು ನಮ್ಮ ಜಿಲ್ಲೆಯವರೇ, ಗುರುಮಠಕಲ್ ಶಾಸಕ ಶರಣಗೌಡ ಕಂದಕೂರ. ಅದೇ ವರ್ಷ ಡಿಸೆಂಬರ್ 13ರಂದು ಲೋಕಸಭೆಯ ಗ್ಯಾಲರಿಯಿಂದ ಇಬ್ಬರು ಕೆಳಗೆ ಜಿಗಿದು ಬಣ್ಣದ ಹೊಗೆ ಬಿಟ್ಟರು. ಅವರ ಕೈಯಲ್ಲೂ ಶಿಫಾರಸಿನ ಪಾಸಿತ್ತು. ಈ ಘಟನೆಗಳಿಂದ ನಾನು ಕಲಿಯುವ ಪಾಠ ಬಾಗಿಲು ಮುಚ್ಚಬೇಕೆಂಬುದಲ್ಲ. ಶಿಫಾರಸು ಎಂಬುದು ಭದ್ರತೆಯೇ ಅಲ್ಲ. ಸರಿಯಾದ ಗುರುತಿನ ಚೀಟಿ, ಮುಂಗಡ ನೋಂದಣಿ, ಗೇಟಿನಲ್ಲಿ ತಪಾಸಣೆ ಇವೇ ಭದ್ರತೆ. ಭಾನುವಾರ 50 ರೂಪಾಯಿಯ ಪ್ರವಾಸಿಗೆ ಈ ಮೂರೂ ಸಾಕಾಗುತ್ತವೆ ಎಂದಮೇಲೆ ಸೋಮವಾರ ಸದನ ನೋಡುವ ಮತದಾರನಿಗೂ ಸಾಕಾಗಬೇಕು.

ಬೇರೆ ದೇಶಗಳು ಇದನ್ನು ಮಾಡಿ ತೋರಿಸಿವೆ. ಜರ್ಮನಿಯವರು ಬರ್ಲಿನ್‌ನ ಹಳೆಯ ಸಂಸತ್ ಭವನದ ಮೇಲೆ 1999ರಲ್ಲಿ ಗಾಜಿನ ಗುಮ್ಮಟ ಕೂಡಿಸಿದರು. ನಾರ್ಮನ್ ಫಾಸ್ಟರ್ ಅದರ ವಾಸ್ತುಶಿಲ್ಪಿ. ಹೆಸರು ನೋಂದಾಯಿಸಿದ ಯಾರಿಗಾದರೂ ಪ್ರವೇಶ ಉಚಿತ. ಸುತ್ತು ದಾರಿಯಲ್ಲಿ ನಡೆಯುತ್ತ ಮೇಲೇರಿದ ಜನರ ಕಾಲ ಕೆಳಗೆ, ಗಾಜಿನಾಚೆ, ಸದನವಿದೆ. ಆಳುವವರ ತಲೆಯ ಮೇಲೆ ಜನ ಓಡಾಡಬೇಕು ಎಂಬುದನ್ನು ಅವರು ಕಟ್ಟಡದಲ್ಲೇ ಬರೆದಿಟ್ಟಿದ್ದಾರೆ. ಲಂಡನ್ನಿನಲ್ಲಿ ಕಲಾಪ ನಡೆಯುವ ಹೆಚ್ಚಿನ ದಿನಗಳಲ್ಲಿ ಸಾಲಿನಲ್ಲಿ ನಿಂತು ಉಚಿತವಾಗಿ ಗ್ಯಾಲರಿಗೆ ಹೋಗಬಹುದು. ನಮ್ಮ ಸೌಧಕ್ಕೆ ಗಾಜಿನ ಗುಮ್ಮಟ ಬೇಡ, ಕಲ್ಲಿನದೇ ಚಂದ. ಆ ಸಾಲು ಮಾತ್ರ ಬೇಕು.

ನಮ್ಮಂಥ ದೂರದವರ ಮಾತು ಇನ್ನೊಂದಿದೆ. 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿದ್ದು ಕಲ್ಯಾಣ ಕರ್ನಾಟಕವೆಂಬ ನಮ್ಮ ಈ ಭಾಗ ಹಿಂದೆ ಉಳಿದಿದೆ ಎಂದು ದೇಶವೇ ಒಪ್ಪಿದ್ದರಿಂದ. ಅದರಿಂದ ಕಾಲೇಜು ಸೀಟು ಬಂದವು, ನೌಕರಿ ಬಂದವು, ಕಲಬುರಗಿಯಲ್ಲಿ ಅಭಿವೃದ್ಧಿ ಮಂಡಳಿ ಬಂತು. ಆದರೆ ಯಾದಗಿರಿಯ ಒಬ್ಬ ಪಿಯುಸಿ ಹುಡುಗಿ ಸದನ ನೋಡಬೇಕೆಂದರೆ ಎರಡು ರಾತ್ರಿ ರೈಲು, ಒಂದು ದಿನದ ಊಟ, ಒಂದು ಶಿಫಾರಸು ಬೇಕು. ಬೆಂಗಳೂರಿನ ಹುಡುಗಿಗೆ ಮೆಟ್ರೊ ಟಿಕೆಟ್ಟು ಸಾಕು. ಉತ್ತರ ಕರ್ನಾಟಕಕ್ಕೆಂದು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಆ ಭಾಗದ ಶಾಲಾ ಮಕ್ಕಳು ಬಂದು ಗ್ಯಾಲರಿ ತುಂಬುತ್ತಾರೆ. ನೋಡಲು ಸಂತೋಷ. ಆದರೆ ಯಾದಗಿರಿಗೆ ಬೆಳಗಾವಿಯೂ ಹತ್ತಿರವಲ್ಲ.

ಹಾಗಾಗಿ ಕೇಳುವುದನ್ನು ನೇರವಾಗಿ ಕೇಳುತ್ತೇನೆ. ಗ್ಯಾಲರಿಯಲ್ಲಿ ಪ್ರತಿ ದಿನ ಒಂದಿಷ್ಟು ಆಸನಗಳನ್ನು ಶಿಫಾರಸಿಲ್ಲದೆ, ಮೊದಲು ಹೆಸರು ಕೊಟ್ಟವರಿಗೆ ಕೊಡಿ. ಪಾಸು ಪಡೆಯುವ ಕ್ರಮವನ್ನು ಕನ್ನಡದಲ್ಲಿ ಬರೆದು ರಾಜ್ಯದ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಪ್ರತಿ ಅಧಿವೇಶನಕ್ಕೆ ನಮ್ಮ ಏಳೂ ಜಿಲ್ಲೆಗಳ ಸರ್ಕಾರಿ ಶಾಲೆ ಮಕ್ಕಳಿಗೆ, ಪಂಚಾಯಿತಿ ಸದಸ್ಯೆಯರಿಗೆ ಪ್ರಯಾಣದ ವೆಚ್ಚ ಕೊಡಲಿ. ಒಂದು ರಸ್ತೆಯ ಡಾಂಬರಿನ ಖರ್ಚಿಗಿಂತ ಇದು ದೊಡ್ಡದಾಗದು. ಕಟ್ಟಿದ ಕೂಲಿಗಳ ಫಲಕದ ಮಾತನ್ನು ಮೇಲೆ ಬರೆದಿದ್ದೇನೆ, ಅದನ್ನೂ ಇಲ್ಲಿ ಸೇರಿಸಿಕೊಳ್ಳಿ.

ಸೋಮವಾರ ರಾತ್ರಿ ರೈಲು ಹತ್ತಿದೆವು. ಬೆಳಿಗ್ಗೆ ಯಾದಗಿರಿಯಲ್ಲಿ ಇಳಿದು ಊರಿಗೆ ಬಂದಾಗ ಪಂಚಾಯಿತಿ ಬಾಗಿಲು ಇನ್ನೂ ತೆರೆದಿರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಕಂಬದ ಚಾಣದ ಏಟು, ಗುಮ್ಮಟದ ಸಿಂಹ, ಖಾಲಿ ಕುರ್ಚಿಗಳ ಲೆಕ್ಕ ಹೇಳತೊಡಗಿದರು. ಮುಂದಿನ ಗ್ರಾಮ ಸಭೆಯಲ್ಲಿ, ಊರಿನಿಂದ ವರ್ಷಕ್ಕೆ ಹತ್ತು ಜನರನ್ನು ಸದನ ನೋಡಲು ಕಳಿಸಬೇಕೆಂದು ಅವರು ಠರಾವು ಇಡುತ್ತಾರೆ.

ನೀವೂ ಹೋಗಿ. ರಜಾದಿನದ ಸುತ್ತಾಟಕ್ಕೆ ಮೊದಲೇ ಹೆಸರು ಹಾಕಿ, ಗುರುತಿನ ಚೀಟಿ ಜೊತೆಗಿರಲಿ. ಅಧಿವೇಶನದ ತಾರೀಖು ಪೇಪರಿನಲ್ಲಿ ಬಂದ ದಿನವೇ ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಪತ್ರ ಬರೆಯಿರಿ: ಹೆಸರು, ಊರು, ಯಾವ ದಿನ ಬರುತ್ತೀರಿ, ಗ್ಯಾಲರಿ ಪಾಸು ಬೇಕು. ಇಷ್ಟು ಸಾಕು.